ಗಾಜಿನ ಸಮುದ್ರಕ್ಕೆ ದೀಪದ ತಲೆಬಿಸಿ

ಸಮುದ್ರದ ದಂಡೆಯಲ್ಲಿ ಇರುವವರು ಯಾರೂ ಮನೆಯೊಳಗೆ ಸಮುದ್ರ ಇಟ್ಟುಕೊಳ್ಳುವುದಿಲ್ಲ. ಆ ಹುಚ್ಚು ಹಿಡಿಯುವುದು ಘಟ್ಟದ ಮೇಲಿನ ನಮಗೆ. ಊರಿಗೆ ಸಾಗರ ಅಂತ ಹೆಸರಿದ್ದರೂ ಒಂದು ಲೋಟ ಉಪ್ಪುನೀರಿಗೆ ಗತಿಯಿಲ್ಲವಲ್ಲ ಎನ್ನುವ ಕೊರಗೋ ಏನೋ, ಈಗೀಗ ನಮ್ಮ ಕಡೆ ಹವಳದ ತೊಟ್ಟಿಗಳು ತಲೆ ಎತ್ತಿವೆ. ನಾನು ಮೊದಲು ಮೋಟಾರ್ ರಿವೈಂಡಿಂಗ್ ಮಾಡಿಕೊಂಡು, ಮನೆಗಳಿಗೆ ವೈರಿಂಗ್ ಎಳೆದುಕೊಂಡು ಮರ್ಯಾದೆಯಿಂದ ಇದ್ದವನು. ಆಮೇಲೆ ಸಾಗರದಲ್ಲಿ ಅಕ್ವೇರಿಯಂ ಅಂಗಡಿ ಹಾಕಿದೆ. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಬೈಕಿನಲ್ಲಿ ತಿರುಗಿ ಈ ಸಮುದ್ರಗಳನ್ನು ನೋಡಿಕೊಳ್ಳುತ್ತೇನೆ.

ವಿಷಯ ಬಹಳ ಸಣ್ಣದು. ಹವಳ ಅಂದರೆ ಉಂಗುರದ ಕಲ್ಲಲ್ಲ, ಜೀವ ಇರುವ ಪ್ರಾಣಿ. ಅದಕ್ಕೆ ಸೂರ್ಯನಂಥ ಬೆಳಕು ಬೇಕು. ಜೋರು ಬೆಳಕು ಕೊಟ್ಟರೆ ನೀರು ಬಿಸಿಯಾಗುತ್ತದೆ. ನೀರು ಇಪ್ಪತ್ತೈದು ಇಪ್ಪತ್ತಾರು ಡಿಗ್ರಿ ಇದ್ದರೆ ಹವಳ ಸುಖವಾಗಿರುತ್ತದೆ, ಮೂವತ್ತು ದಾಟಿದರೆ ಬಣ್ಣ ಕಳೆದುಕೊಂಡು ಬೆಳ್ಳಗಾಗಿ ಸಾಯುತ್ತದೆ. ಇಷ್ಟೇ. ಆದರೆ ಮೂರು ತಾಲೂಕಿನ ಬುದ್ಧಿವಂತರು ಒಟ್ಟಾಗಿ ಕೂತರೆ ಇಷ್ಟು ಸಣ್ಣ ವಿಷಯವನ್ನೂ ಎಲ್ಲಿಂದ ಎಲ್ಲಿಗೋ ಮುಟ್ಟಿಸುತ್ತಾರೆ. ತಿಂಗಳಿಗೆ ಒಂದಾದರೂ ಇಂಥದ್ದು ನಡೆಯದಿದ್ದರೆ ನನಗೇ ಏನೋ ಕಳಕೊಂಡ ಹಾಗಾಗುತ್ತದೆ.

ಮೊದಲು ನನ್ನದೇ

ಬೇರೆಯವರನ್ನು ಆಡಿಕೊಳ್ಳುವ ಮೊದಲು ನನ್ನ ಘನಕಾರ್ಯ ಹೇಳಿಬಿಡುತ್ತೇನೆ. ಅಂಗಡಿ ಶುರು ಮಾಡಿದ ಹೊಸತರಲ್ಲಿ, ಹವಳಕ್ಕೆ ಸೂರ್ಯ ಬೇಕು ಅಂತ ಎಲ್ಲೋ ಓದಿ, ಎರಡು ಹ್ಯಾಲೈಡ್ ದೀಪ ತಂದೆ. ರಾತ್ರಿ ಪಂದ್ಯ ಆಡಿಸುವ ಮೈದಾನದ ಕಂಬದ ಮೇಲೆ ಉರಿಯುವ ಜಾತಿಯ ದೀಪ ಅದು. ತೊಟ್ಟಿಯ ಮೇಲೆ ತೂಗುಹಾಕಿ ಹಚ್ಚಿದೆ. ಸೂರ್ಯನೇ ಬಂದು ಕೂತ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ನೀರು ಮೂವತ್ತೊಂದು ಡಿಗ್ರಿ.

ಬುದ್ಧಿ ಇದ್ದವನು ದೀಪ ಬದಲಿಸುತ್ತಿದ್ದ. ನಾನು ನೀರು ತಣ್ಣಗೆ ಮಾಡುವ ಚಿಲ್ಲರ್ ಎಂಬ ಮಿಷನ್ ತಂದೆ. ಅದು ನೀರಿನ ಬಿಸಿಯನ್ನು ಹೀರಿ ಹಿಂದುಗಡೆಯಿಂದ ಅಂಗಡಿಯೊಳಗೇ ಊದುತ್ತದೆ. ನನ್ನ ಅಂಗಡಿ ಇರುವುದೇ ಹತ್ತಡಿ ಹನ್ನೆರಡಡಿ. ಅಂಗಡಿ ಕಾದಿತು. ಅಂಗಡಿ ಕಾದದ್ದಕ್ಕೆ ನೀರು ಮತ್ತೆ ಕಾದಿತು. ನೀರು ಕಾದದ್ದಕ್ಕೆ ಮಿಷನ್ ಇನ್ನೂ ಜೋರಾಗಿ ಊದಿತು. ಮಳೆಗಾಲದಲ್ಲಿ ಬಸ್ಸಿಗೆ ಕಾಯುವವರು ಮೀನು ನೋಡುವ ನೆಪದಲ್ಲಿ ಒಳಗೆ ಬಂದು, ಹೊರಳಿ ಹೊರಳಿ ಬೆನ್ನು ಕಾಯಿಸಿಕೊಂಡು ಹೋಗುತ್ತಿದ್ದರು. ವ್ಯಾಪಾರ ಜೋರು ಅಂತ ನಾನು ತಿಳಿದುಕೊಂಡಿದ್ದೆ.

ಊಟದ ಡಬ್ಬಿ ತಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅರ್ಧ ನಿಮಿಷ ನೋಡಿದಳು. "ದೀಪ ಎಂಥಕ್ಕೆ?" ಅಂದಳು.

"ಹವಳಕ್ಕೆ ಬೆಳಕು."

"ಆ ಮಿಷನ್ನು?"

"ದೀಪದ ಬಿಸಿ ತೆಗೆಯೋಕೆ."

"ಮಿಷನ್ನಿನ ಬಿಸಿ ತೆಗೆಯೋಕೆ?"

ನಾನು ಡಬ್ಬಿಗೆ ಕೈ ಚಾಚಿದೆ. ಅವಳು ಡಬ್ಬಿ ಇಟ್ಟು ಹೇಳಿದಳು: "ಲಿಂಗನಮಕ್ಕಿ ಡ್ಯಾಂ ಈ ಸಲ ಬೇಗ ಖಾಲಿ ಆಯ್ತು ಅಂತ ಪೇಪರಲ್ಲಿ ಓದಿ ತಲೆ ಕೆಡಿಸ್ಕೊಂಡಿದ್ದೆ. ಮಳೆ ಕಡಿಮೆ ಆಗಿದ್ದಲ್ಲ, ಕರೆಂಟಿನ ಲೆಕ್ಕದಲ್ಲಿ ನೀವೂ ನಿಮ್ಮ ಮಿಷನ್ನೂ ಸೇರಿ ಕುಡಿದು ಮುಗಿಸಿದ್ದು."

ಬಿಳುಪಿನ ವೈದ್ಯ

ಹೀಗೆ ಪೆಟ್ಟು ತಿಂದು ಕಲಿತ ಮೇಲೆ ಆ ಎರಡು ದೀಪಗಳನ್ನು ಮೂಲೆಗೆ ಇಟ್ಟೆ. ಅವು ಅಲ್ಲೇ ಇದ್ದರೆ ಚೆನ್ನಾಗಿತ್ತು. ಸಾಗರದಲ್ಲೇ ಇರುವ ಹಲ್ಲಿನ ಡಾಕ್ಟರೊಬ್ಬರು ಬಂದು, "ಇದು ಯಾಕೆ ಸುಮ್ನೆ ಕೂತಿದೆ? ನಮ್ಮ ಕ್ಲಿನಿಕ್ ತೊಟ್ಟಿಗೆ ಕೊಡಿ" ಅಂದರು. ಬೇಡ, ಬಿಸಿಯಾಗುತ್ತೆ, ಎಲ್ಇಡಿ ಹಾಕೋಣ ಅಂದೆ. "ಎಲ್ಇಡಿ ಬೆಳಕು ಪೇಲವ ರೀ. ಪೇಷಂಟ್ ಬಾಗಿಲು ತೆಗೆದ ಕೂಡ್ಲೆ ಕಣ್ಣು ಕುಕ್ಕಬೇಕು" ಅಂದರು. ಕಣ್ಣು ಕುಕ್ಕಿದರೆ ಹಲ್ಲು ನೋವು ಮರೆಯುತ್ತದೆ ಎನ್ನುವುದು ಅವರ ಲೆಕ್ಕ ಇರಬೇಕು. ಕೊಟ್ಟೆ.

ಎರಡು ವಾರ ಬಿಟ್ಟು ಹೋದರೆ, ಕಂದು, ಹಸಿರು, ನೇರಳೆ ಇದ್ದ ಹವಳಗಳೆಲ್ಲ ಸುಣ್ಣ ಬಳಿದ ಹಾಗೆ ನಿಂತಿವೆ. ಥರ್ಮಾಮೀಟರ್ ನೋಡಿದರೆ ಮೂವತ್ತೆರಡು. ಕಾಯುತ್ತಿದ್ದ ನಾಲ್ಕಾರು ರೋಗಿಗಳು ಕೆನ್ನೆ ಮೇಲೆ ಕೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಾರೆ.

ಡಾಕ್ಟರು ಕೈಗವಸು ಬಿಚ್ಚುತ್ತಾ ಹೊರಗೆ ಬಂದರು. ಮುಖದ ತುಂಬ ಸಂತೋಷ. "ನೋಡಿದ್ರಾ? ಎಷ್ಟು ಕ್ಲೀನ್ ಆಗಿದೆ! ಎಲ್ಲರೂ ಕೇಳ್ತಾರೆ, ಅದಕ್ಕೂ ನೀವೇ ಪಾಲಿಶ್ ಮಾಡಿದ್ದಾ ಅಂತ."

"ಡಾಕ್ಟ್ರೇ, ಅದು ಕ್ಲೀನ್ ಆಗಿದ್ದಲ್ಲ, ಪ್ರಾಣ ಹೋಗ್ತಾ ಇದೆ. ಬಿಸಿ ತಡೆಯದೆ ಬಣ್ಣ ಬಿಟ್ಟಿದೆ."

ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದರು. ದನಿ ತಗ್ಗಿಸಿದರು. "ದೀಪ ಇವತ್ತೇ ಬಿಚ್ಚಿ, ಎಲ್ಇಡಿ ಹಾಕಿ, ಏನು ಬೇಕಾದ್ರೂ ಮಾಡಿ. ಆದ್ರೆ ಬೆಳ್ಳಗಾದ್ರೆ ಆರೋಗ್ಯ ಅಂತ ಇಪ್ಪತ್ತು ವರ್ಷದಿಂದ ನಾನು ಹೇಳ್ಕೊಂಡು ಬಂದಿದೀನಿ. ಬೆಳ್ಳಗಾದ್ರೆ ಸತ್ತ ಅಂತ ನೀವು ವೇಟಿಂಗ್ ರೂಮಲ್ಲಿ ನಿಂತು ಹೇಳ್ಬೇಡಿ ಮಾರಾಯ್ರೆ!"

"ಲೋ"

ಹೊಸನಗರದಲ್ಲಿ ಒಬ್ಬರು ಮಾಸ್ತರು ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವರು. ಅವರಿಗೆ ಎಲ್ಲದಕ್ಕೂ ಒಂದು ಸಿದ್ಧಾಂತ. ದೀಪದ ವಿಷಯದಲ್ಲಿ ಅವರ ಸಿದ್ಧಾಂತ ಏನೆಂದರೆ, ಕೆಂಪು ಬಿಸಿ, ನೀಲಿ ತಂಪು. ನಲ್ಲಿಯ ಮೇಲೆ ಕೂಡ ಹಾಗೇ ಗುರುತು ಇರುತ್ತದಲ್ಲ ಎನ್ನುವುದು ಪುರಾವೆ. ಆದ್ದರಿಂದ ಅವರ ಹವಳದ ತೊಟ್ಟಿಗೆ ಹಗಲೂ ರಾತ್ರಿ ನೀಲಿ ದೀಪ. ದೀಪ ಯಾವ ಬಣ್ಣದ್ದಾದರೂ ಉರಿದಷ್ಟು ಹೊತ್ತು ಶಾಖ ಇದ್ದದ್ದೇ, ದಿನಕ್ಕೆ ಎಂಟು ಗಂಟೆ ಸಾಕು ಅಂತ ನಾನು ಹೇಳಿದರೆ, "ನೀನು ಯಾವ ಶಾಲೆಲಿ ಓದಿದ್ದು?" ಎಂದು ಕೇಳಿದರು. ನಾನು ಅವರದೇ ಶಾಲೆಯಲ್ಲಿ ಓದಿದ್ದೆ. ಹೇಳಲಿಲ್ಲ.

ಒಂದು ದಿನ ಫೋನ್ ಬಂತು. "ನಾ ಹೇಳಿದ್ದೇ ಸರಿ ಆಯ್ತು ನೋಡು. ನೀಲಿ ಬೆಳಕಿಗೆ ನೀರು ವಿಪರೀತ ತಂಪಾಗಿದೆ. ಎಷ್ಟು ತಂಪು ಅಂದ್ರೆ ನಾನೇ ಒಂದು ಹೀಟರ್ ಹಾಕಿದೀನಿ. ಆದ್ರೂ ಏರ್ತಾ ಇಲ್ಲ. ಇನ್ನೊಂದು ತಗೊಂಡು ಬಾ."

"ಎಷ್ಟು ಡಿಗ್ರಿ ತೋರಿಸ್ತಿದೆ ಸಾರ್?"

"ಡಿಗ್ರಿನೇ ಇಲ್ಲ. ಲೋ ಅಂತ ತೋರಿಸ್ತಿದೆ. ಅಳೆಯೋಕೆ ಸಿಗದಷ್ಟು ತಂಪು."

ಏಪ್ರಿಲ್ ತಿಂಗಳಲ್ಲಿ ಹೊಸನಗರದಲ್ಲಿ ಅಳೆಯಲು ಸಿಗದಷ್ಟು ತಂಪು! ಮರುದಿನ ಬೆಳಿಗ್ಗೆಯೇ ಬೈಕ್ ಹತ್ತಿದೆ. ತೊಟ್ಟಿಯೊಳಗೆ ಬೆರಳು ಅದ್ದಿದರೆ ಸ್ನಾನಕ್ಕೆ ಹದವಾದ ನೀರು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ನನ್ನ ಥರ್ಮಾಮೀಟರ್ ಹಾಕಿದೆ. ಮೂವತ್ತೊಂದು ತೋರಿಸಿತು.

"ನಿನ್ನದು ಕೆಟ್ಟಿದೆ" ಅಂದರು ಮಾಸ್ತರು. ಒಳಗಿನಿಂದ ತಮ್ಮದನ್ನು ತಂದು ನೀರಿಗೆ ಹಿಡಿದರು. ಪೀ ಪೀ ಅಂತು. ನಿಜವಾಗಿಯೂ ಲೋ ಅಂತಲೇ ಬಂತು. ನಾನು ಅದನ್ನು ಕೈಗೆ ತೆಗೆದುಕೊಂಡು ನೋಡಿದೆ. ಮನುಷ್ಯರ ಜ್ವರ ನೋಡುವ ಥರ್ಮಾಮೀಟರ್!

"ಸಾರ್, ಇದು ಮೂವತ್ತೆರಡರ ಕೆಳಗೆ ಏನಿದ್ದರೂ ಲೋ ಅಂತಲೇ ಹೇಳೋದು. ಮನುಷ್ಯನ ಮೈ ಲೆಕ್ಕದಲ್ಲಿ ಲೋ. ಮೀನಿನ ಲೆಕ್ಕದಲ್ಲಿ ಇದು ಸಾರು."

ಹೀಟರ್ ಕಿತ್ತೆ, ದೀಪ ಆರಿಸಿದೆ, ಮೇಲೆ ಮುಚ್ಚಿದ್ದ ಗಾಜು ತೆಗೆದೆ, ಫ್ಯಾನ್ ತಿರುಗಿಸಿದೆ. ಸಂಜೆಗೆ ಮೀನು ಬದುಕಿದವು. ಆಗಾಗ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ ಅವರ ಹೆಂಡತಿಗೆ ಆ ಥರ್ಮಾಮೀಟರಿನ ಗುರುತು ಹತ್ತಿದ್ದು ಆಮೇಲೆ.

"ಇದ್ಯೆಂತ, ಇದು ನಮ್ಮನೆ ಜ್ವರದ ಕಡ್ಡಿ ಅಲ್ದ?" ಅಂದರು. ಮಾಸ್ತರು ಹೂಂ ಅಂದರು.

"ಮೊನ್ನೆ ಎನಗೆ ಜ್ವರ ಬಂದಾಗ ಬಾಯಲ್ಲಿ ಇಟ್ಟಿದ್ದೂ ಇದೇಯ?"

ಮಾಸ್ತರು ಆ ಕಡ್ಡಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

"ಅದಕ್ಕೇಯ! ನಾಲಿಗೆ ಎಲ್ಲ ಉಪ್ಪುಪ್ಪು ಆಗಿದ್ದು! ಜ್ವರ ಬಂದ್ರೆ ಬಾಯಿ ರುಚಿ ಹಾಗೇಯ ಹೇಳಿ ಅವತ್ತು ಒಂದು ಸಿದ್ಧಾಂತ ಹೇಳಿದ್ರಲಾ!"

ಸುತ್ತೋಲೆ

ಒಂದು ಆಫೀಸಿನಲ್ಲಿ, ಯಾವ ಊರು ಯಾವ ಆಫೀಸು ಅಂತ ಕೇಳಬೇಡಿ, ನಾನು ಮತ್ತೆ ಅಲ್ಲಿಗೆ ಹೋಗುವವನು, ಸಾಹೇಬರಿಗೆ ಮೀನಿನ ಹುಚ್ಚು. ಹಾಲ್‌ನಲ್ಲಿ ಹವಳದ ತೊಟ್ಟಿ ಇಡಿಸಿದರು. ಎಲ್ಇಡಿ ದೀಪ. ಈ ಎಲ್ಇಡಿ ಬಿಸಿಯೇ ಆಗುವುದಿಲ್ಲ ಅಂತ ಜನ ನಂಬಿದ್ದಾರೆ. ಬಿಸಿಯಾಗುತ್ತದೆ, ಆದರೆ ಆ ಬಿಸಿ ನೀರಿನ ಕಡೆಗೆ ಬಾರದೆ ದೀಪದ ಬೆನ್ನಿನ ಕಡೆ ಹೋಗುತ್ತದೆ. ಬೆನ್ನಿನ ಮೇಲೆ ಅಲ್ಯೂಮಿನಿಯಂ ಹಲ್ಲುಗಳಿರುತ್ತವೆ, ಒಂದು ಸಣ್ಣ ಫ್ಯಾನ್ ಇರುತ್ತದೆ, ಬಿಸಿ ಮೇಲಕ್ಕೆ ಹೋಗಿಬಿಡುತ್ತದೆ. ದೀಪದ ಬೆನ್ನು ಹಿತವಾಗಿ ಬೆಚ್ಚಗಿರುತ್ತದೆ ಎನ್ನುವ ಈ ರಹಸ್ಯವನ್ನು ಆ ಆಫೀಸಿನವರು ಜೂನ್ ತಿಂಗಳ ಮೊದಲ ವಾರದಲ್ಲೇ ಕಂಡುಹಿಡಿದರು. ಬೇರೆ ಯಾವ ಕೆಲಸವೂ ಅಲ್ಲಿ ಅಷ್ಟು ಬೇಗ ಆದದ್ದನ್ನು ನಾನು ನೋಡಿಲ್ಲ.

ಸಾಹೇಬರು ಫೋನ್ ಮಾಡಿ, "ಹೊರಗೆ ಜಿರಾಪತಿ ಮಳೆ, ಬಿಡುವೇ ಇಲ್ಲ, ನಮಗೇ ಸ್ವೆಟರ್ ಬೇಕು, ಆದ್ರೆ ನೀರು ಮಾತ್ರ ಇಪ್ಪತ್ತೊಂಬತ್ತು. ಎಂಥ ಕಥೆ ಇದು?" ಅಂದರು. ಹೋಗಿ ನೋಡಿದರೆ ದೀಪದ ಬೆನ್ನಿನ ಮೇಲೆ ಸಾಲಾಗಿ ಎಂಟು ಜೊತೆ ಸಾಕ್ಸ್ ಒಣಗುತ್ತಿವೆ. ಮಳೆಯಲ್ಲಿ ನೆನೆದುಕೊಂಡು ಬಂದವರೆಲ್ಲ ಹಾಜರಿ ಹಾಕಿ, ಸಾಕ್ಸ್ ಹಾಕಿ, ಆಮೇಲೆ ಕುರ್ಚಿಗೆ ಹೋಗುತ್ತಿದ್ದರು. ಫ್ಯಾನ್ ಬಾಯಿಗೆ ಒಂದು ಸಾಕ್ಸ್ ಸಿಕ್ಕಿಕೊಂಡಿತ್ತು. ಮೇಲೆ ಹೋಗಲು ದಾರಿಯಿಲ್ಲದೆ ಬಿಸಿ ಕೆಳಗೆ ನೀರಿಗೆ ಇಳಿಯುತ್ತಿತ್ತು. ಹನಿ ಹನಿಯಾಗಿ ಇನ್ನೇನೇನು ಇಳಿಯುತ್ತಿತ್ತೋ, ಆ ಹವಳಕ್ಕೇ ಗೊತ್ತು.

ಸಾಹೇಬರಿಗೆ ಕೋಪ ನೆತ್ತಿಗೇರಿತು. ಅಲ್ಲೇ ಟೈಪ್ ಮಾಡಿಸಿ, ಸೀಲು ಒತ್ತಿಸಿ, ತೊಟ್ಟಿಯ ಪಕ್ಕ ಅಂಟಿಸಿದರು: "ದೀಪದ ಮೇಲೆ ಸಿಬ್ಬಂದಿ ಯಾರೂ ಸಾಕ್ಸ್ ಒಣಗಿಸತಕ್ಕದ್ದಲ್ಲ."

ಹದಿನೈದು ದಿನ ಕಳೆದು ಹೋದೆ. ನೀರು ಮತ್ತೆ ಇಪ್ಪತ್ತೊಂಬತ್ತು. ದೀಪದ ಮೇಲೆ ಒಂದೇ ಒಂದು ಸಾಕ್ಸ್ ಇಲ್ಲ. ಐದು ಮಂಕಿ ಕ್ಯಾಪ್, ಎರಡು ಕರ್ಚೀಫು, ಒಂದು ಊಟದ ಡಬ್ಬಿ.

ಪಕ್ಕದ ಮೇಜಿನ ಗುಮಾಸ್ತರನ್ನು ಕೇಳಿದೆ. ಅವರು ಕನ್ನಡಕ ಏರಿಸಿ, ಗೋಡೆಯ ಕಾಗದವನ್ನು ಪೂರ್ತಿ ಓದಿ, ನನ್ನ ಕಡೆ ತಿರುಗಿದರು. "ಇದರಲ್ಲಿ ಟೋಪಿ ವಿಷಯ ಎಲ್ಲಿದೆ ಸ್ವಾಮಿ? ನಾವು ಸುತ್ತೋಲೆ ಮೀರುವವರಲ್ಲ."

ಭಟ್ಟರ ನಾಲಿಗೆ

ತೀರ್ಥಹಳ್ಳಿಯ ಹೋಟೆಲೊಂದರಲ್ಲಿ ದುಡ್ಡಿನ ಗಲ್ಲಾದ ಪಕ್ಕವೇ ತೊಟ್ಟಿ. ಮಾಲೀಕರಿಗೆ ಬೆಳಕು ಸಾಲದು. ಎಂಟು ಟ್ಯೂಬ್ ಹಾಕಿಸಿ ಬೆಳಿಗ್ಗೆ ಇಡ್ಲಿ ಬೇಯುವಾಗ ಹಚ್ಚಿದರೆ ರಾತ್ರಿ ಬಾಗಿಲು ಹಾಕುವಾಗ ಆರಿಸುವುದು. ನಾಲ್ಕು ತೆಗೆಯೋಣ ಅಂದರೆ, "ಗಿರಾಕಿಗೆ ಕಾಣಬೇಕಲ್ಲ" ಅನ್ನುತ್ತಾರೆ. ಕೊನೆಗೆ ಎರಡು ಸಣ್ಣ ಫ್ಯಾನ್ ಕಟ್ಟಿ ನೀರಿನ ಮೇಲೆ ಗಾಳಿ ಬಿಟ್ಟೆ. ಮಡಕೆ ನೀರು ತಣ್ಣಗಾಗುವ ಹಾಗೆ, ಸ್ವಲ್ಪ ನೀರು ಆವಿಯಾಗಿ ಹೋದರೆ ಉಳಿದದ್ದು ತಂಪಾಗುತ್ತದೆ. ಒಂದೇ ತೊಂದರೆ, ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ದಿನಾ ಸಪ್ಪೆ ನೀರು ಸೇರಿಸದಿದ್ದರೆ ಸಮುದ್ರ ಉಪ್ಪಿನಕಾಯಿ ಆಗುತ್ತದೆ.

ಈ ಕೆಲಸ ಅಡುಗೆ ಭಟ್ಟರ ಪಾಲಿಗೆ ಬಂತು. ಉಪ್ಪು ಅಳೆಯಲು ನಾನು ಒಂದು ದುರ್ಬೀನಿನಂಥ ಉಪಕರಣ ಕೊಟ್ಟೆ. ಒಂದು ಹನಿ ಬಿಟ್ಟು ಕಣ್ಣಿಗೆ ಹಿಡಿದರೆ ಲೆಕ್ಕ ಕಾಣುತ್ತದೆ. ಭಟ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಉಪ್ಪಿನ ಡಬ್ಬಿಯ ಹಿಂದೆ ಇಟ್ಟರು. "ಉಪ್ಪು ಕಣ್ಣಲ್ಲಿ ನೋಡೋ ವಸ್ತು ಅಲ್ಲ" ಅಂದರು.

ಮುಂದಿನ ತಿಂಗಳು ಹೋದಾಗ ನೋಡುತ್ತೇನೆ, ಭಟ್ಟರು ಸೌಟಿನ ತುದಿಯಲ್ಲಿ ನಾಲ್ಕು ಹನಿ ತೆಗೆದು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದಾರೆ. ಕಣ್ಣು ಮುಚ್ಚಿದರು. "ಒಂದೂವರೆ ಚೊಂಬು" ಅಂದರು. ಒಂದೂವರೆ ಚೊಂಬು ಸಪ್ಪೆ ನೀರು ಹೊಯ್ದರು. ಇವರ ಮಾನ ತೆಗೆಯಬೇಕು ಅಂತಲೇ ನಾನು ನನ್ನ ದುರ್ಬೀನು ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅವತ್ತಿನಿಂದ ನಾನು ಅಲ್ಲಿ ಅಳೆಯುವುದನ್ನು ಬಿಟ್ಟೆ. ಮಾಲೀಕರಂತೂ ಬಂದವರಿಗೆಲ್ಲ, "ಸಮುದ್ರಕ್ಕೇ ಉಪ್ಪು ಹದ ಮಾಡೋ ಭಟ್ರು ನಮ್ಮವರು" ಅಂತ ಹೇಳಿಕೊಂಡು ತಿರುಗಿದರು.

ಒಂದು ಭಾನುವಾರ ಹೋಟೆಲು ಕಿಕ್ಕಿರಿದಿತ್ತು. ಊಟಕ್ಕೆ ಕೂತವರು ಒಬ್ಬೊಬ್ಬರಾಗಿ ಮುಖ ಕಿವುಚುತ್ತಿದ್ದಾರೆ. ಮಾಲೀಕರು ಗಲ್ಲಾದಿಂದಲೇ ಕೂಗಿದರು, "ಭಟ್ರೇ, ಉಪ್ಪು ನೋಡಿದ್ರಾ ಇವತ್ತು?"

ಒಳಗಿನಿಂದ ಭಟ್ಟರು ತುಂಬು ವಿಶ್ವಾಸದಲ್ಲಿ ಕೂಗಿದರು: "ಬೆಳಿಗ್ಗೆನೇ ನೋಡಿದೀನಿ, ಸಮುದ್ರಕ್ಕೆ ಸರಿಯಾಗಿದೆ! ಸಾಂಬಾರಿಗೆ ಹಾಕೋದೇ ಮರ್ತುಹೋಯ್ತು!"

ಹೆಣ್ಣು ನೋಡಿದ ದಿನ

ಇದು ಕೂಡ ತೀರ್ಥಹಳ್ಳಿಯದೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಒಬ್ಬ ಹುಡುಗಿ. ನನ್ನ ಗಿರಾಕಿಗಳಲ್ಲಿ ನಾನು ಹೇಳಿದ್ದನ್ನು ಕೇಳುವವಳು ಅವಳೊಬ್ಬಳೇ, ಯಾಕೆಂದರೆ ನಾನು ಹೇಳುವ ಮೊದಲೇ ಅವಳಿಗೆ ಗೊತ್ತಿರುತ್ತದೆ. ಉಗುರಿನಷ್ಟು ಉಗುರಿನಷ್ಟು ಹವಳದ ಚೂರು ತಂದು ಮೂರು ವರ್ಷ ಸಾಕಿ, ಹೂಕೋಸಿನಷ್ಟು ದೊಡ್ಡದು ಮಾಡಿದ್ದಳು. ದೀಪ ಎಷ್ಟು ಎತ್ತರದಲ್ಲಿರಬೇಕು, ಎಷ್ಟು ಹೊತ್ತು ಉರಿಯಬೇಕು, ಎಲ್ಲ ಹದ. ವರ್ಷವಿಡೀ ನೀರು ಇಪ್ಪತ್ತಾರರಿಂದ ಅಲುಗಿದ್ದಿಲ್ಲ.

ಅವಳನ್ನು ನೋಡಲು ಶಿವಮೊಗ್ಗದಿಂದ ಗಂಡಿನ ಕಡೆಯವರು ಬರುವುದಿತ್ತು. ಹುಡುಗ ಅಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇಟ್ಟುಕೊಂಡವನು. ಹುಡುಗಿಯ ಅಪ್ಪನಿಗೆ ಉತ್ಸಾಹ ಜಾಸ್ತಿ. "ಬಂದವರು ಮೊದಲು ತೊಟ್ಟಿ ನೋಡ್ಬೇಕು, ಆಮೇಲೆ ಮಗಳನ್ನ. ಅಂಥಾ ತೊಟ್ಟಿ ಇಟ್ಟವಳು ಮನೆ ಹೇಗೆ ಇಟ್ಕೋಬಹುದು ಅಂತ ಅವರಿಗೇ ಹೊಳೀಬೇಕು" ಅಂತ ಲೆಕ್ಕ ಹಾಕಿ, ಗಾಜು ಒರೆಸಲು ನನ್ನನ್ನೂ ಚಿತ್ರ ತೆಗೆಯಲು ವಿಡಿಯೋದವನೊಬ್ಬನನ್ನೂ ಕರೆಸಿದ್ದರು.

ವಿಡಿಯೋದವನು ಬಂದವನೇ ಅವಳ ಎಲ್ಇಡಿ ಕಳಚಿ ಪಕ್ಕಕ್ಕಿಟ್ಟು, ಮದುವೆ ಮಂಟಪಕ್ಕೆ ಹಿಡಿಯುವಂಥ ರಾಕ್ಷಸ ದೀಪ ತಂದು ತೊಟ್ಟಿಯ ನೆತ್ತಿಯ ಮೇಲೆ ನಿಲ್ಲಿಸಿದ. ಹಚ್ಚಿದ. ಅಜ್ಜಿ ಒಳಗಿನಿಂದ, "ಬೆಂಕಿ ಬಿತ್ತೇನೋ!" ಅಂತ ಕೂಗಿದರು.

ಹನ್ನೊಂದಕ್ಕೆ ಬರುತ್ತೇವೆ ಅಂದವರು ಹನ್ನೆರಡಾದರೂ ಇಲ್ಲ. ಫೋನ್ ಮಾಡಿದರೆ, "ಮಂಡಗದ್ದೆಯಲ್ಲಿ ಎಳನೀರು ಕುಡೀತಾ ಇದೀವಿ, ಬಂದ್ವಿ." ನೀರು ಇಪ್ಪತ್ತೆಂಟು. ಹುಡುಗಿ ಸೀರೆ ಉಟ್ಟುಕೊಂಡು ಹೊರಗೆ ಬಂದು ಥರ್ಮಾಮೀಟರ್ ನೋಡಿದಳು. "ಅಪ್ಪಾ, ಆ ದೀಪ ಆರ್ಸಿ."

ವಿಡಿಯೋದವನು ಅಡ್ಡ ಬಂದ. "ಆರ್ಸಂಗಿಲ್ಲ ಮೇಡಂ. ಈ ಬಲ್ಬ್ ಒಂದ್ಸಲ ಆರಿದ್ರೆ ಪೂರ್ತಿ ತಣಿಯೋವರೆಗೆ ಮತ್ತೆ ಹತ್ತಲ್ಲ. ಕಾಲು ಗಂಟೆ ಬೇಕು. ಅವರು ಕತ್ತಲೆಗೆ ಬಂದ್ರೆ?"

ಅಪ್ಪ, "ಹತ್ತೇ ನಿಮಿಷ ಪುಟ್ಟೀ, ಬಂದೇಬಿಟ್ರು" ಅಂದರು. ಈ ಹತ್ತೇ ನಿಮಿಷ ಒಂದು ಗಂಟೆ ನಡೆಯಿತು. ಇಪ್ಪತ್ತೊಂಬತ್ತಾಯಿತು. ಹವಳದ ಮೇಲಿನ ಮೊಗ್ಗುಗಳೆಲ್ಲ ಒಳಗೆ ಎಳೆದುಕೊಂಡವು. ಅವಳ ಕಣ್ಣಲ್ಲಿ ನೀರು ಬಂತು. ನಾನೂ ಹೇಳಿದೆ, ಅವಳ ಸೋದರಮಾವ ಹೇಳಿದ, ಎಲ್ಲರೂ ಏನೇನೋ ಉಪಾಯ ಹೇಳಿದೆವು: ಫ್ಯಾನ್ ಬಿಡಿ, ಒದ್ದೆ ಬಟ್ಟೆ ಸುತ್ತಿ, ಕೊಡೆ ಹಿಡಿಯಿರಿ. ಕೊನೆಗೆ ಐಸ್ ತರುವುದು ಅಂತ ತೀರ್ಮಾನ ಆಯಿತು. ಸೋದರಮಾವ ಸ್ಕೂಟರ್ ಏರಿದ.

ಜ್ಯೂಸ್ ಅಂಗಡಿಗಳಲ್ಲಿ ಐಸ್ ಸಿಗಲಿಲ್ಲವಂತೆ. ಅವನು ಸೀದಾ ಮೀನು ಮಾರ್ಕೆಟ್ಟಿಗೆ ಹೋಗಿ, ಬಂಗುಡೆ ಇಟ್ಟಿದ್ದ ಥರ್ಮಾಕೋಲ್ ಪೆಟ್ಟಿಗೆಯನ್ನು ಐಸ್ ಸಮೇತ ಹೊತ್ತು ತಂದ. ಪೆಟ್ಟಿಗೆ ಅಂಗಳಕ್ಕೆ ಬರುವ ಮೊದಲೇ ವಾಸನೆ ಹಜಾರಕ್ಕೆ ಬಂತು. ಆ ಮನೆಯಲ್ಲಿ ಈರುಳ್ಳಿಯನ್ನೂ ದಿನ ನೋಡಿ ಹೆಚ್ಚುತ್ತಾರೆ. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತರು.

"ಅದು ಒಳಗೆ ಬರಕೂಡದು."

"ಅಮ್ಮಾ, ಒಳಗೆ ತೊಟ್ಟಿಲಿ ಇರೋದೂ ಮೀನೇ ಅಲ್ವಾ?" ಅಂದರು ಅಪ್ಪ.

"ಅದು ನಮ್ಮನೆ ಮೀನು. ಉಪವಾಸ ಇರುತ್ತೆ, ದೇವರ ಪದ ಕೇಳುತ್ತೆ. ಇದು ಊರ ಮೀನು."

ಸರಿಯಾಗಿ ಆ ಹೊತ್ತಿಗೆ ಗೇಟಿನ ಹತ್ತಿರ ಕಾರು ನಿಂತಿತು. ಗಂಡಿನ ತಾಯಿ ಇಳಿದವರು ಮೊದಲು ಗಾಳಿ ಮೂಸಿದರು. ಆಮೇಲೆ ಸೋದರಮಾವನ ಕೈಯ ಪೆಟ್ಟಿಗೆ ನೋಡಿದರು. ಆಮೇಲೆ ತಮ್ಮ ಗಂಡನ ಮುಖ ನೋಡಿದರು. ಮಾತೇ ಇಲ್ಲದೆ ಸಂಬಂಧ ಅರ್ಧ ಮುರಿಯಿತು. ಅಪ್ಪ ಬೆವರುತ್ತಾ, "ಬನ್ನಿ ಬನ್ನಿ, ಇದು ನಮಗಲ್ಲ, ಮೀನಿಗೆ" ಅಂದರು. ಉಳಿದರ್ಧವೂ ಮುರಿಯುವ ಹಾಗಿತ್ತು.

ಒಳಗೆ ಬಂದರೆ ಹುಡುಗಿ ನಾಚಿಕೊಂಡು ಕಾಫಿ ತಟ್ಟೆ ಹಿಡಿದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಭುಜದವರೆಗೆ ತೊಟ್ಟಿಯೊಳಗೆ ಕೈ ಇಳಿಸಿ, ಬಿಸಿ ಕಡೆಯಿದ್ದ ಹವಳಗಳನ್ನು ಕೆಳಗೆ ಸರಿಸುತ್ತಿದ್ದಳು. ಥರ್ಮಾಮೀಟರ್ ಮೂವತ್ತು. ಹಿರಿಯರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ವಿಡಿಯೋದವನು "ಸ್ಮೈಲ್ ಮಾಡಿ ಮೇಡಂ" ಅನ್ನುತ್ತಿದ್ದ.

ಹುಡುಗನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದರು. ಅವನು ಅತ್ತ ಇತ್ತ ನೋಡಿದ. ಕುರ್ಚಿಯ ಹಿಂದೆ ಬಗ್ಗಿದ. ಪ್ಲಗ್ ಎಳೆದ. ಫಟ್ ಅಂತ ದೀಪ ಆರಿತು.

ವಿಡಿಯೋದವನು ತಲೆ ಮೇಲೆ ಕೈ ಇಟ್ಟುಕೊಂಡ. ಹುಡುಗಿ ತೊಟ್ಟಿಯಿಂದ ಕೈ ತೆಗೆಯದೆಯೇ ಕತ್ತು ತಿರುಗಿಸಿ, ಆ ಹುಡುಗನನ್ನು ಮೊದಲ ಸಲ ಸರಿಯಾಗಿ ನೋಡಿದಳು. ನಾವು ಫ್ಯಾನ್ ಬಿಟ್ಟೆವು, ಪಕ್ಕದ ಮನೆಯವರು ತಮ್ಮ ಫ್ರಿಜ್ಜಿನಿಂದ ತಂದುಕೊಟ್ಟ ನಾಲ್ಕು ಐಸ್ ಕ್ಯೂಬನ್ನು ಕವರಿನಲ್ಲಿ ಕಟ್ಟಿ ತೇಲಿಬಿಟ್ಟೆವು. ಕಾಫಿ ಆಗುವಾಗ ನೀರು ಇಪ್ಪತ್ತೊಂಬತ್ತೂವರೆ, ಹೋಳಿಗೆ ಆಗುವಾಗ ಇಪ್ಪತ್ತೊಂಬತ್ತು. ಒಂದೇ ಒಂದು ಹವಳದ ತುದಿ ಬಿಳಿಯಾದದ್ದು ಬಿಟ್ಟರೆ ಎಲ್ಲ ಉಳಿಯಿತು. ಅವರು ಹೊರಡುವ ಮುಂಚೆಯೇ ಅವಳು ಅಪ್ಪನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ನಂಗೆ ಒಪ್ಪಿಗೆ" ಅಂದಳು.

ಬಂಗುಡೆ ಪೆಟ್ಟಿಗೆಯ ಕಥೆ ಬಿಡಿಸಿ ಹೇಳಿದ ಮೇಲೆ ಗಂಡಿನ ತಾಯಿಯೂ ಒಪ್ಪಿದರು, ಮದುವೆಯಾಯಿತು. ತೊಟ್ಟಿಯೂ ಶಿವಮೊಗ್ಗಕ್ಕೆ ಹೋಯಿತು. ಅಲ್ಲಿ ಅದನ್ನು ಜೋಡಿಸಿಕೊಡಲು ಹೋದವನು ನಾನು. ಅವಳು ಅಡುಗೆಮನೆಯಲ್ಲಿದ್ದಾಗ ಹುಡುಗನಿಗೆ ಹೇಳಿದೆ: "ಅವತ್ತು ಮೆಚ್ಚಿದೆ ಮಾರಾಯ್ರೆ ನಿಮ್ಮನ್ನ. ನಮಗ್ಯಾರಿಗೂ ಬರದ ಧೈರ್ಯ ನಿಮಗೆ ಬಂತು."

ಅವನು ಅಡುಗೆಮನೆ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದ. "ಅಣ್ಣಾ, ನಿಮ್ಮ ಹತ್ರ ಮಾತ್ರ ಹೇಳ್ತೀನಿ. ಅದು ದೀಪದ ವಯರ್ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಫೋನಲ್ಲಿ ಚಾರ್ಜ್ ಎರಡೇ ಪರ್ಸೆಂಟ್ ಇತ್ತು. ಅಲ್ಲಿದ್ದದ್ದು ಅದೊಂದೇ ಪ್ಲಗ್ಗು. ಅವಳಿಗೆ ಮಾತ್ರ ಹೇಳ್ಬೇಡಿ."

ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ನಿಂತಿತು.

"ಅವತ್ತೇ ಗೊತ್ತಿತ್ತು ರೀ!" ಅಂತ ದನಿ ಬಂತು. "ದೀಪದ ವಯರ್ ಕಿತ್ತ ಜಾಗದಲ್ಲಿ ನಿಮ್ಮ ಚಾರ್ಜರ್ ನೇತಾಡ್ತಾ ಇತ್ತಲ್ಲ! ಮನೆ ತುಂಬ ಬುದ್ಧಿವಂತರಿದ್ರು, ಒಬ್ರಿಗಾದ್ರೂ ಆ ವಯರ್ ಕೀಳೋಕೆ ಆಗ್ಲಿಲ್ಲ. ಬುದ್ಧಿವಂತರು ಸಾಕು ಅಂತಾನೇ ನಿಮ್ಮನ್ನ ಒಪ್ಪಿದ್ದು!"